ಕಾಟಾ ಕೋಣೆಯ ವೈಫೈ ಮತ್ತು ಒಂದು ಟಿಕ್ ಗುರುತು

ಕಲಬುರಗಿಯ ಹೊರವಲಯದ ಒಂದು ದಾಲ್ ಮಿಲ್ಲಿನ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಜನವರಿಯಲ್ಲಿ ಹೊಸ ತೊಗರಿಯ ಆವಕ ಹೆಚ್ಚಿದ ದಿನಗಳಲ್ಲಿ ತೂಕದ ಕಾಟಾ ಕೋಣೆಯಿಂದ ಫೋನು ಬಂತು: “ಸರ್, ಚೀಟಿ ಆಫೀಸಿಗಿ ಹೋಗವಲ್ದ್ರಿ, ಲಾರಿ ನಿಂತಾವ.” ನಾನು ಹೋಗಿ ಕೀಬೋರ್ಡ್ ಮುಟ್ಟುವಷ್ಟರಲ್ಲಿ ಎಲ್ಲವೂ ಸರಿಯಾಗಿತ್ತು. ಮೂರು ದಿನ ಹೀಗೇ ನಡೆದು, ರೌಟರನ್ನೇ ಬದಲಿಸುವ ಮಾತು ಬಂತು.

ಕಾಟಾ ಕೋಣೆಯ ಕಂಪ್ಯೂಟರಿನಿಂದ ಚೀಟಿ ವೈಫೈ ಮೂಲಕ ಆಫೀಸಿಗೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ನಡೆದದ್ದನ್ನೆಲ್ಲ ಸಮಯದೊಂದಿಗೆ ದಾಖಲಿಸುವ ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ವೈಫೈ ಕಡಿದ ಸಮಯಗಳನ್ನು ತೆಗೆದು ತೂಕದ ಚೀಟಿಗಳ ಪಕ್ಕದಲ್ಲಿಟ್ಟು ನೋಡಿದಾಗ ಸಂಗತಿ ತಿಳಿಯಿತು. ಲಾರಿಗಳು ಸಾಲಾಗಿ ಬರುತ್ತಿದ್ದಾಗ ಸಂಪರ್ಕ ಒಮ್ಮೆಯೂ ಕಡಿದಿರಲಿಲ್ಲ. ಇಪ್ಪತ್ತು ನಿಮಿಷ ಬಿಡುವಾದ ಮೇಲೆ ಬಂದ ಲಾರಿಯ ಚೀಟಿಯೇ ಪ್ರತಿ ಸಲ ಸಿಕ್ಕಿಬೀಳುತ್ತಿತ್ತು. ಆ ಕಂಪ್ಯೂಟರಿಗೆ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಲಾಗಿದೆ. ಕೆಲಸವಿಲ್ಲದ ಯುಎಸ್‌ಬಿ ಸಾಧನವನ್ನು ಮಲಗಿಸಿ ವಿದ್ಯುತ್ ಉಳಿಸುವ ‘ಸೆಲೆಕ್ಟಿವ್ ಸಸ್ಪೆಂಡ್’ ವ್ಯವಸ್ಥೆ ಅದನ್ನು ಮಲಗಿಸುತ್ತಿತ್ತು, ಎದ್ದ ಅಡಾಪ್ಟರ್ ಮತ್ತೆ ನೆಟ್‌ವರ್ಕ್ ಹಿಡಿಯಲು ತಡಮಾಡುತ್ತಿತ್ತು. ವಿಂಡೋಸಿನ ವಿದ್ಯುತ್ ಬಳಕೆಯ ಆಯ್ಕೆಗಳಿರುವ ಪವರ್ ಪ್ಲ್ಯಾನ್‌ನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ತೆಗೆದೆ. ಸಾಧನಗಳ ಪಟ್ಟಿಯಿರುವ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದೆಂಬ ಅನುಮತಿಯ ಟಿಕ್ ಗುರುತನ್ನೂ ತೆಗೆದೆ. ಅಂದಿನಿಂದ ಚೀಟಿ ನಿಂತಿಲ್ಲ.

ಹಾಗಾದರೆ ಮಿಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಇದನ್ನೇ ಮಾಡಿಬಿಡಿ ಎಂದು ಮಾಲೀಕರು ಹೇಳಿದರು. ನಾನು ಒಪ್ಪಲಿಲ್ಲ. ಮುನೀಮರ ಕಂಪ್ಯೂಟರ್ ಕೇಬಲ್ ಮೂಲಕ ನೆಟ್‌ವರ್ಕಿಗೆ ಸೇರಿದ್ದು, ರಾತ್ರಿಯಿಡೀ ಸ್ಲೀಪ್‌ನಲ್ಲಿರುತ್ತದೆ; ಮುನೀಮರು ಬರುವ ಮೊದಲೇ ಬೆಳಗಿನ ಮೊದಲ ಚೀಟಿ ಅದರಲ್ಲಿ ಇಳಿಯಬೇಕು. ಅದಕ್ಕಾಗಿ ಕಾಟಾ ಕೋಣೆಯಿಂದ, ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಎಬ್ಬಿಸುವ ‘ಮ್ಯಾಜಿಕ್ ಪ್ಯಾಕೆಟ್’ ಎಂಬ ಸಂದೇಶ ಹೋಗುತ್ತದೆ: ಮೊದಲು ಎಫ್‌ಎಫ್ ಎಂಬ ಬೈಟ್ 6 ಸಲ, ಬಳಿಕ ಎಬ್ಬಿಸಬೇಕಾದ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ (ಆ ಕಾರ್ಡನ್ನು ಗುರುತಿಸುವ 6 ಬೈಟಿನ ಸಂಖ್ಯೆ) 16 ಸಲ, ಒಟ್ಟು 102 ಬೈಟ್. ಕಂಪ್ಯೂಟರ್ ಮಲಗಿದ್ದರೂ ಕಾರ್ಡ್ ಸಣ್ಣ ವಿದ್ಯುತ್ತಿನಲ್ಲಿ ಎಚ್ಚರವಿದ್ದು, ತನ್ನ ವಿಳಾಸ ಕಂಡೊಡನೆ ಯಂತ್ರವನ್ನು ಎಬ್ಬಿಸುತ್ತದೆ. ಆದರೆ ಈ ಕಾರ್ಡಿಗೆ ಎಬ್ಬಿಸುವ ಅನುಮತಿ ಕೊಡುವ ಆಯ್ಕೆ ತೆರೆದಿರಬೇಕಾದರೆ, ಕಾಟಾ ಕೋಣೆಯಲ್ಲಿ ನಾನು ತೆಗೆದುಹಾಕಿದ ಅದೇ ಟಿಕ್ ಗುರುತು ಇಲ್ಲಿ ಇರಲೇಬೇಕು. ಅದನ್ನು ತೆಗೆದರೆ ಕೆಳಗಿನ ಆಯ್ಕೆ ಮಂಕಾಗಿ ಮುಚ್ಚಿಹೋಗುತ್ತದೆ. ಎಲ್ಲ ಕಡೆ ಒಂದೇ ನೀತಿ ಹಾಕಿದ್ದರೆ ಕಾಟಾ ಸರಿಹೋಗಿ ಆಫೀಸು ಕೆಡುತ್ತಿತ್ತು.

ಡ್ರೈವರ್ ಅಪ್‌ಡೇಟ್ ಆದಾಗ ಈ ಆಯ್ಕೆಗಳು ಕೆಲವೊಮ್ಮೆ ಮೊದಲಿನಂತಾಗುತ್ತವೆ. ಆದ್ದರಿಂದ ಎರಡೂ ಯಂತ್ರಗಳಿಗೆ ಆಯ್ಕೆಗಳನ್ನು ಮತ್ತೆ ಸರಿಯಾಗಿಡುವ ಬೇರೆಬೇರೆ ಪವರ್‌ಶೆಲ್ ಸ್ಕ್ರಿಪ್ಟ್ (ವಿಂಡೋಸಿಗೆ ಕೊಡುವ ಆದೇಶಗಳ ಪಟ್ಟಿ) ಬರೆದು, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾವೇ ಓಡುವಂತೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಟ್ಟಿದ್ದೇನೆ. ಯಾವ ಸಾಧನಗಳಿಗೆ ಎಬ್ಬಿಸುವ ಅನುಮತಿಯಿದೆ ಎಂಬ ಪಟ್ಟಿಯನ್ನು ವಿಂಡೋಸಿನ ಪವರ್‌ಸಿಎಫ್‌ಜಿ (powercfg) ಆದೇಶದಿಂದ ತೆಗೆದು ತಿಂಗಳಿಗೊಮ್ಮೆ ನೋಡುತ್ತೇನೆ. ಕಳೆದ ಸಲ ಅದರಲ್ಲಿ ಮೌಸ್ ಕೂಡ ಇತ್ತು, ಅದನ್ನು ತೆಗೆದೆ.