ಕತ್ತಲೆಯಲ್ಲಿ ಕೇಳಿದ ಶೇರ್ ಖಾನ್

1996ರ ಮಳೆಗಾಲ. ನಾನು ಎಂಟನೇ ತರಗತಿ. ಶಿರಸಿಯ ಮಳೆ ಹೇಗೆಂದು ನಮ್ಮ ಈ ಶಾಲೆಯಲ್ಲಿ ಕಲಿತವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಶನಿವಾರ ನಮ್ಮ ಇಂಗ್ಲಿಷ್ ಮಾಸ್ತರು ಬಾಡಿಗೆಗೆ ತಂದ ವಿಸಿಆರ್‌ಗೆ ಪ್ಲಾಸ್ಟಿಕ್ ಕೊಪ್ಪೆ ಹೊದೆಸಿ, ತಾವು ತೊಯ್ದುಕೊಂಡು ಬಂದರು. ಕ್ಯಾಸೆಟ್ಟು ಡಿಸ್ನಿಯ ‘ದಿ ಜಂಗಲ್ ಬುಕ್’.

ದೂರದರ್ಶನದಲ್ಲಿ ಹಿಂದಿಯ ಮೋಗ್ಲಿಯನ್ನು ನೋಡಿದ್ದವರು ನಾವು. ಅಲ್ಲಿ ಶೇರ್ ಖಾನ್‌ಗೆ ನಾನಾ ಪಾಟೇಕರ್ ಧ್ವನಿ. ಕೇಳಿದರೆ ಎದೆ ನಡುಗುತ್ತಿತ್ತು. ಇದು ಬೇರೆಯೇ ಜಂಗಲ್ ಬುಕ್. ಕನ್ನಡ ಮಾಧ್ಯಮದ ನಮಗೆ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ಬಘೀರಾ ಮಾತ್ರ ಪರಕೀಯನಲ್ಲ. ಅಣಶಿ, ದಾಂಡೇಲಿ ಕಾಡಿನ ಕರಿಚಿರತೆಯ ಸುದ್ದಿ ಕೇಳುತ್ತಲೇ ಬೆಳೆದವರಲ್ಲವೇ. ಕರಡಿ ಹಾಡಿ ಕುಣಿದು, ಹೊಳೆಯಲ್ಲಿ ತೇಲಿ, ಮಂಗಗಳು ಮೋಗ್ಲಿಯನ್ನು ಹೊತ್ತೊಯ್ದವು. ಅಷ್ಟರಲ್ಲಿ ಕರೆಂಟು ಹೋಯಿತು.

ಹೋದದ್ದು ಬರಲೇ ಇಲ್ಲ. ಮಾಸ್ತರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಶಾಲು ಸರಿಪಡಿಸಿಕೊಂಡು, “ತಮಾ, ಡೆಸ್ಕಿನ ಮೇಲೆ ಒಂದು ತಾಳ ಹಾಕು” ಎಂದರು ನನಗೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಸುತ್ತಲ ಹಳ್ಳಿಗಳಲ್ಲಿ ನಡೆಯುವ ತಾಳಮದ್ದಲೆಗಳಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು, ಪಾತ್ರವಾಗಿ ಮಾತಾಡುವವರು ಅವರು. ಅಂದು ಶೇರ್ ಖಾನ್ ಆದರು. ಗರ್ಜಿಸಲಿಲ್ಲ. ಮರದಿಂದ ಇಳಿಬಿದ್ದ ಹಾವಿನ ಬಾಲ ಎಳೆದು, ನೆಂಟರ ಮನೆ ಬಾಗಿಲು ತಟ್ಟುವವರ ದನಿಯಲ್ಲಿ, “ಸರ್ಪರಾಜರು ಮನೆಯಲ್ಲಿದ್ದೀರೋ? ಒಂದು ಮಾತಿತ್ತು” ಎಂದರು. ಮುಂದಿನ ಬೆಂಚಿನ ಹುಡುಗಿಯರು ಕಾಲು ಮೇಲೆತ್ತಿಕೊಂಡರು. ಅಷ್ಟು ಮರ್ಯಾದೆಯ ಮಾತಿಗೆ ಅಷ್ಟು ಭಯಪಟ್ಟದ್ದು ನನಗೆ ಈಗಲೂ ನೆನಪಿದೆ.

ಈಗ ನಾನಿರುವುದು ಕಾರವಾರದಲ್ಲಿ. ಕಳೆದ ತಿಂಗಳು ಮಗಳ ಜೊತೆ ಆ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ, 78 ನಿಮಿಷವೂ ನೋಡಿದೆ. ಶೇರ್ ಖಾನ್ ನಿಜವಾಗಿಯೂ ಮಾಸ್ತರು ಹೇಳಿದ ಹಾಗೆಯೇ ಮಾತಾಡುತ್ತಾನೆ! ಆ ಧ್ವನಿ ಜಾರ್ಜ್ ಸ್ಯಾಂಡರ್ಸ್ ಅವರದು. ಅದಕ್ಕೂ ಮೊದಲೇ ಆಸ್ಕರ್ ಪಡೆದಿದ್ದ ನಟ. ಹುಲಿ ತೆರೆಯ ಮೇಲೆ ಬರುವುದೇ ಕಥೆ ಬಹುಪಾಲು ಮುಗಿದ ಮೇಲೆ, ಆದರೂ ಕಾಡನ್ನೆಲ್ಲ ಆಳುವುದು ಆ ತಣ್ಣನೆಯ ದನಿ. ಬಘೀರಾಗೆ ಸೆಬಾಸ್ಟಿಯನ್ ಕ್ಯಾಬಟ್, ಹೆಬ್ಬಾವಿಗೆ ಸ್ಟರ್ಲಿಂಗ್ ಹಾಲೊವೇ, ವಾನರರಾಜನಿಗೆ ಜಾಝ್ ಗಾಯಕ ಲೂಯಿ ಪ್ರೀಮಾ. ಮೋಗ್ಲಿ ನಿರ್ದೇಶಕರ ಮಗ ಬ್ರೂಸ್ ರೈಥರ್‌ಮನ್. ಮೊದಲು ಆರಿಸಿದ್ದ ಹುಡುಗನ ಗಂಟಲು ಅಷ್ಟರಲ್ಲಿ ಒಡೆದಿತ್ತಂತೆ.

ನನಗೆ ಎಲ್ಲರಿಗಿಂತ ದೊಡ್ಡವನಾಗಿ ಕಂಡದ್ದು ಕರಡಿ ಬಲೂ. ಧ್ವನಿ ಕೊಟ್ಟ ಫಿಲ್ ಹ್ಯಾರಿಸ್ ರೇಡಿಯೋದ ಹಾಸ್ಯಗಾರ, ವಾದ್ಯವೃಂದ ನಡೆಸುತ್ತಿದ್ದವರು. ಬರೆದುಕೊಟ್ಟ ಮಾತು ಅವರ ಬಾಯಿಗೆ ಕೂರಲಿಲ್ಲ. ತಮ್ಮದೇ ಧಾಟಿಯಲ್ಲಿ ಹೇಳಿದರು. ಅದು ಎಷ್ಟು ಹಿಡಿಸಿತೆಂದರೆ ಚಿಕ್ಕದಾಗಿದ್ದ ಪಾತ್ರವನ್ನೇ ಬೆಳೆಸಿದರು. ಇದು ಅರ್ಥಗಾರಿಕೆಯಲ್ಲದೆ ಮತ್ತೇನು? ಭಾಗವತರ ಪದ್ಯ ಮೊದಲೇ ಇದ್ದದ್ದು, ಮಾತು ಮಾತ್ರ ಅರ್ಥಧಾರಿಯ ಸ್ವಂತದ್ದು. ಬಣ್ಣವಿಲ್ಲ, ಕಿರೀಟವಿಲ್ಲ, ಕೂತಲ್ಲೇ ವಾಲಿ, ಕೂತಲ್ಲೇ ಕೌರವ. ಮೈಕಿನ ಮುಂದೆ ಕೂತು ಕರಡಿಯಾದವರ ಕಷ್ಟಸುಖ ನಮ್ಮ ಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿರಿಯಾನೆಯ ಹೆಂಡತಿಯಾಗಿ ಗಂಡನನ್ನು ಗದರುವ ಧ್ವನಿ ವರ್ನಾ ಫೆಲ್ಟನ್ ಅವರದು. ಅವರು ತೀರಿಕೊಂಡದ್ದು 1966ರ ಡಿಸೆಂಬರ್ 14ರಂದು, ಮರುದಿನವೇ ವಾಲ್ಟ್ ಡಿಸ್ನಿ. ಸಿನಿಮಾ ತೆರೆ ಕಂಡದ್ದು 1967ರ ಅಕ್ಟೋಬರಿನಲ್ಲಿ. ಇಷ್ಟು ವರ್ಷದ ಮೇಲೆ ಕಾರವಾರದ ನಮ್ಮ ಜಗಲಿಯಲ್ಲಿ ಆ ಹೆಂಗಸು ಗದರಿದ್ದಕ್ಕೆ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾಸ್ತರು ಹೋಗಿ ಆರು ವರ್ಷವಾಯಿತು. ಅವರ ಮನೆಯಲ್ಲಿ ಫೋಟೋಗಳಿವೆ, ಧ್ವನಿ ಇಲ್ಲ. ನಾವು ಹತ್ತನೇ ತರಗತಿಯಲ್ಲಿದ್ದಾಗ ಸ್ನೇಹಸಮ್ಮೇಳನದ ರಾತ್ರಿ ಅವರು ವಾಲಿಯ ಅರ್ಥ ಹೇಳಿದ್ದರು. ವೇದಿಕೆಯ ಎಡಬದಿಗೆ ಯಾರೋ ಟೇಪ್ ರೆಕಾರ್ಡರ್ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೇನೆ. ಆ ಕ್ಯಾಸೆಟ್ಟು ಯಾರ ಮನೆಯ ಅಟ್ಟದಲ್ಲಿದ್ದರೂ, ಬೂಸಲು ಹಿಡಿದಿದ್ದರೂ ಸರಿ, ದಯವಿಟ್ಟು ಶಾಲೆಗೆ ತಲುಪಿಸಿ. ಶುಚಿ ಮಾಡಿಸಿ ಪ್ರತಿ ತೆಗೆಸುವ ಖರ್ಚು ನನ್ನದು.