ಸವಾನಾ: ಮನೆ ಕೊಂಡು, ಮಾರಿ, ಊರು ಉಳಿಸಿಕೊಂಡವರು

ಅಟ್ಲಾಂಟಾದಿಂದ ಅಮೆರಿಕದ ಜಾರ್ಜಿಯಾ ರಾಜ್ಯದ್ದೇ ಹಳೇ ಊರು ಸವಾನಾಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ದಾರಿಯುದ್ದಕ್ಕೂ ಪೈನ್ ಮರಗಳು, ನೋಡೋಕೆ ಬೇರೇನೂ ಇಲ್ಲ. ಎಲ್ಲಿಸ್ ಸ್ಕ್ವೇರ್ (ಬೀದಿಗಳ ನಡುವಿನ ಚೌಕಾಕಾರದ ಬಯಲು) ಅಡಿಯ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಮೇಲೆ ಬಂದರೆ ಕಾರಂಜಿ, ಮಕ್ಕಳ ಗಲಾಟೆ.

"ಅಕ್ಕಾ, ಹಳೇ ಮಾರ್ಕೆಟ್ ಇದ್ದದ್ದು ಇಲ್ಲೇ" ಅಂದ ತಮ್ಮ. 1954ರಲ್ಲಿ ಅದನ್ನು ಕೆಡವಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿದರಂತೆ. ಐವತ್ತು ವರ್ಷದ ಮೇಲೆ ಅದನ್ನೂ ಕೆಡವಿದರು. ಕಾರುಗಳು ನೆಲದಡಿಗೆ ಹೋದವು, 2010ರಲ್ಲಿ ಸ್ಕ್ವೇರ್ ಮತ್ತೆ ಜನರಿಗೆ ಸಿಕ್ಕಿತು. ಮಾರ್ಕೆಟ್ ಮಾತ್ರ ವಾಪಸ್ ಬರಲಿಲ್ಲ.

ಮಾರ್ಕೆಟ್ ಹೋದ ಸಿಟ್ಟು ಊರಿನಲ್ಲಿ ಆರಲಿಲ್ಲ. 1955ರಲ್ಲಿ ಏಳು ಮಂದಿ ಹೆಂಗಸರು ಸೇರಿ ಹಳೇ ಕಟ್ಟಡ ಉಳಿಸಲು ಹಿಸ್ಟಾರಿಕ್ ಸವಾನಾ ಫೌಂಡೇಶನ್ ಶುರು ಮಾಡಿದರು. ಕೊಲಂಬಿಯಾ ಸ್ಕ್ವೇರ್‌ನಲ್ಲಿರುವ ಡೇವನ್‌ಪೋರ್ಟ್ ಮನೆ ಅವರ ಮೊದಲ ಖರೀದಿ. 1820ರ ಇಟ್ಟಿಗೆ ಮನೆ, ಒಳಗೆ ತುಂಬಾ ಚಂದದ ಬಾಗುಮೆಟ್ಟಿಲು. ಒಂದು ಕಾಲಕ್ಕೆ ಕೋಣೆಕೋಣೆಯಾಗಿ ಬಾಡಿಗೆಗೆ ಕೊಟ್ಟು ಹಾಳುಬಿದ್ದಿತ್ತು. ಅಂತ್ಯಕ್ರಿಯೆ ವ್ಯವಹಾರದವರೊಬ್ಬರು ಅದನ್ನು ಕೆಡವಿ ಜಾಗವನ್ನು ಪಾರ್ಕಿಂಗ್‌ಗೆ ಬಳಸಲು ಹೊರಟಿದ್ದರು. ಮತ್ತೆ ಪಾರ್ಕಿಂಗ್! ಹೆಂಗಸರು 22,500 ಡಾಲರ್ ಹೊಂದಿಸಿ ಕೊಂಡೇಬಿಟ್ಟರು. 1963ರಿಂದ ಅದು ಮ್ಯೂಸಿಯಂ.

ಒಂದು ಮನೆಯನ್ನು ಮ್ಯೂಸಿಯಂ ಮಾಡಬಹುದು. ನೂರಾರು ಮನೆಗಳನ್ನು ಏನು ಮಾಡೋದು? ಇಲ್ಲಿಂದ ಕಥೆ ರಿಯಲ್ ಎಸ್ಟೇಟ್ ಕಡೆಗೆ ತಿರುಗುತ್ತದೆ, ನನಗೆ ಈ ಭಾಗವೇ ಜಾಸ್ತಿ ಇಷ್ಟವಾಯಿತು. ನಮ್ಮ ಸ್ವಸಹಾಯ ಸಂಘಗಳಲ್ಲಿ ಸುತ್ತುನಿಧಿ ಇರುತ್ತದಲ್ವಾ, ಹಾಗೆಯೇ ಇಲ್ಲೂ ಒಂದೇ ಗಂಟು ಸುತ್ತುತ್ತದೆ. ಬೀಳುವ ಹಂತದ ಮನೆಯನ್ನು ಫೌಂಡೇಶನ್ ಕೊಳ್ಳುತ್ತದೆ. ಕೆಲವೊಮ್ಮೆ ಪೂರ್ತಿ ಹಣ ಕೊಡದೆ, ಸ್ವಲ್ಪ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುವುದೂ ಉಂಟು. ಅಷ್ಟರಲ್ಲಿ ರಿಪೇರಿ ಮಾಡಿಸುವ ತಾಕತ್ತಿರುವ ಗಿರಾಕಿಯನ್ನು ಹುಡುಕಿ ಮಾರುತ್ತಾರೆ. ಬಂದ ಹಣ ಮುಂದಿನ ಮನೆಗೆ. ನಷ್ಟಕ್ಕೆ ಮಾರಿದಾಗ ಗಂಟು ಕರಗುತ್ತದೆ, ಆಗ ದಾನಿಗಳ ಮುಂದೆ ಮತ್ತೆ ಕೈಚಾಚಬೇಕು.

ಇದರ ಜೀವ ಇರೋದು ಕ್ರಯಪತ್ರದಲ್ಲಿ. ಇಂತಿಷ್ಟು ಸಮಯದೊಳಗೆ ದುರಸ್ತಿ ಮಾಡಿಸಬೇಕು, ಕೆಡವಬಾರದು, ಹೊರಗಿನ ರೂಪ ಬದಲಿಸುವ ಮುಂಚೆ ಒಪ್ಪಿಗೆ ಪಡೆಯಬೇಕು ಅಂತ ಷರತ್ತು ಬರೆಸುತ್ತಾರೆ. ಮನೆ ಕೈ ಬದಲಾದರೂ ಷರತ್ತು ಅದರ ಬೆನ್ನಿಗೇ ಇರುತ್ತದೆ. ಹೀಗೆ 400ಕ್ಕೂ ಹೆಚ್ಚು ಕಟ್ಟಡಗಳು ಉಳಿದಿವೆ. ಈ ದಾರಿಯಲ್ಲಿ ಮೊದಲು ನಡೆದದ್ದು ಪಕ್ಕದ ರಾಜ್ಯದ ಚಾರ್ಲ್ಸ್‌ಟನ್. ಅಲ್ಲಿನ ಆನ್ಸನ್‌ಬರೋ ಬಡಾವಣೆಯಲ್ಲಿ 1959ರಲ್ಲೇ ಇಂಥ ನಿಧಿಯಿಂದ ಕೆಲಸ ಶುರುವಾಗಿತ್ತು.

ಅದೇ ವರ್ಷ ಸವಾನಾದ ಮಾರ್ಷಲ್ ರೋ ಕೂಡ ಹೋಗುವುದರಲ್ಲಿತ್ತು. ಓಗಲ್‌ಥೋರ್ಪ್ ಅವೆನ್ಯೂದಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮನೆಗಳ ಸಾಲು ಅದು. ಗೋಡೆಯದು 'ಸವಾನಾ ಗ್ರೇ' ಇಟ್ಟಿಗೆ. ಊರ ಹೊರಗಿನ ಹರ್ಮಿಟೇಜ್ ಎಸ್ಟೇಟ್‌ನಲ್ಲಿ ಹಿಂದೆ ಗುಲಾಮರು ಮಾಡುತ್ತಿದ್ದ ಈ ದಪ್ಪ ಇಟ್ಟಿಗೆಗೆ ಆಗ ಭಾರಿ ಬೇಡಿಕೆ. ಇಟ್ಟಿಗೆ ಆಸೆಗೇ ಮನೆ ಕೆಡವುತ್ತಿದ್ದರು. (ನಮ್ಮಲ್ಲಿ ತೊಟ್ಟಿ ಮನೆಗಳ ಕಂಬ, ಬಾಗಿಲು ಬಿಚ್ಚಿ ಮಾರುವುದು ನೆನಪಾಗಿ ಸುಮ್ನೆ ನಿಂತೆ.) ಹೂಡಿಕೆ ವ್ಯವಹಾರದಲ್ಲಿದ್ದ ಲೀ ಆಡ್ಲರ್ ಜೊತೆಗಾರರೊಂದಿಗೆ ಸೇರಿ ಅಲ್ಲಿನ ಮನೆಗಳನ್ನೂ ಇಟ್ಟಿಗೆಗಳನ್ನೂ ಕೊಂಡರು. ಮುಂದೆ ಫೌಂಡೇಶನ್‌ನ ಸುತ್ತುನಿಧಿಗೆ ಬೆನ್ನೆಲುಬಾಗಿ ನಿಂತವರೂ ಅವರೇ.

ಮಧ್ಯಾಹ್ನ ಜೋನ್ಸ್ ಸ್ಟ್ರೀಟ್‌ಗೆ ಹೋದೆವು. 1960ರ ದಶಕದಲ್ಲಿ ಪುಲಾಸ್ಕಿ ಸ್ಕ್ವೇರ್ ಮತ್ತು ಇದರ ಪಶ್ಚಿಮ ಭಾಗದಲ್ಲಿ ಫೌಂಡೇಶನ್ ಮನೆಗಳನ್ನು ಗುಂಪುಗುಂಪಾಗಿ ಹಿಡಿದಿತ್ತು. ನಡುವೆ ಒಂದೇ ಮನೆ ರಿಪೇರಿಯಾದರೆ ಅಕ್ಕಪಕ್ಕಕ್ಕೆ ಯಾರೂ ಬರಲ್ಲ, ಬೀದಿಯೇ ಎದ್ದರೆ ಬ್ಯಾಂಕೂ ಸಾಲ ಕೊಡುತ್ತದೆ. ಈಗ ಇಟ್ಟಿಗೆ ಹಾಸಿದ ರಸ್ತೆ, ಎತ್ತರದ ಮೆಟ್ಟಿಲುಗಳು, ಓಕ್ ಮರಗಳಿಂದ ಇಳಿಬಿದ್ದ ಪಾಚಿಯಂಥ ಎಳೆಗಳು. ಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ, ಕಸದ ಡಬ್ಬಿಗಳೂ ಹೊರಗಿವೆ.

ಹಾಗಂತ ಎಲ್ಲರಿಗೂ ಒಳ್ಳೇದಾಯಿತು ಅನ್ನುವಂತಿಲ್ಲ. ಬೀದಿ ಚಂದವಾದಂತೆ ಬಾಡಿಗೆ ಏರುತ್ತದೆ, ಬಡವರು ಜಾಗ ಬಿಡಬೇಕಾಗುತ್ತದೆ. ದಕ್ಷಿಣಕ್ಕಿರುವ ವಿಕ್ಟೋರಿಯನ್ ಡಿಸ್ಟ್ರಿಕ್ಟ್‌ನ ಮರದ ಮನೆಗಳಲ್ಲಿ ಹೆಚ್ಚಾಗಿ ಬಡ ಕಪ್ಪು ಕುಟುಂಬಗಳಿದ್ದವು. ಅವರನ್ನು ಎಬ್ಬಿಸದೆ ಮನೆ ದುರಸ್ತಿ ಮಾಡಿ ಕಡಿಮೆ ಬಾಡಿಗೆಗೆ ಕೊಡಲು ಆಡ್ಲರ್ 1974ರಲ್ಲಿ ಬೇರೆಯೇ ಸಂಸ್ಥೆ ಕಟ್ಟಿದರು. ಮೊದಲೇ ಈ ಯೋಚನೆ ಬಂದಿದ್ದರೆ ಅಂತ ನನಗನಿಸಿತು.

ಹೋಗುವವರು ಬೇಸಿಗೆ ಬಿಟ್ಟು ಹೋಗಿ, ಸೆಕೆ ಮಂಗಳೂರಿನಷ್ಟೇ. ವಸಂತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಕಚ್ಚುತ್ತವೆ, ತುಂಬುತೋಳಿನ ಅಂಗಿ ಇರಲಿ. ಟೂರ್ ಬಸ್ ಹತ್ತಬೇಡಿ. ಊರು ಕಟ್ಟಿದ ಓಗಲ್‌ಥೋರ್ಪ್ 1733ರಲ್ಲಿ ಹಾಕಿದ ಯೋಜನೆಯಲ್ಲಿ ಈಗ 22 ಸ್ಕ್ವೇರ್‌ಗಳಿವೆ, ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ, ಕೂರಲು ಬೆಂಚೂ ಇದೆ.