ಶೇಕಡಾ ಆರರ ಗಂಡ

ನನ್ನ ಹೆಂಡತಿಯ ಸಂಬಳದ ಚೀಟಿಯಲ್ಲಿ ನಾನೂ ಒಂದು ಸಾಲು. ಸಂಗಾತಿ ಭತ್ಯೆ, ನಿವ್ವಳ ಸಂಬಳದ ಶೇ. 6. ವಿಶ್ವಸಂಸ್ಥೆಯಲ್ಲಿ ಅವಳ ದರ್ಜೆಯವರಿಗೆ 2017ರಿಂದ ಇದು ಹೀಗೆ ಬೇರೆಯಾಗಿ ಬರುತ್ತದೆ. ನಾನು ಒಂದು ಮಿತಿ ಮೀರಿ ದುಡಿದರೆ ಆ ಸಾಲು ಮಾಯ. "ನೀನು ಬರೀ ಆರು ಪರ್ಸೆಂಟ್ ಕಣೋ" ಅಂತ ಅವಳು ರೇಗಿಸುತ್ತಿದ್ದಳು. ನಾನೂ ನಗುತ್ತಿದ್ದೆ, ಹೋದ ತಿಂಗಳು ಆ ಲಕೋಟೆ ಬರುವವರೆಗೆ.

ಒಳಗಿದ್ದದ್ದು ಸ್ವಿಸ್ ವೃದ್ಧಾಪ್ಯ ವಿಮೆಯಲ್ಲಿ, ಜಿನೀವಾದವರ ಬಾಯಲ್ಲಿ ಎವಿಎಸ್, ನನ್ನ ಹೆಸರಿನ ಖಾತೆಯ ವಿವರ. ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು. ಕಾಗದದಲ್ಲಿ ಇದ್ದದ್ದು ಎರಡು ಸಾಲು: 2016, 2017. ಅದರ ಕೆಳಗೆ ಪುಟದ ಕೊನೆಯವರೆಗೂ ಖಾಲಿ. ಹಿಂದೆ ತಿರುಗಿಸಿ ನೋಡಿದೆ, ಅಲ್ಲೂ ಏನಿಲ್ಲ.

ಲೆಕ್ಕ ತಪ್ಪಿಲ್ಲ. ಆ ಎರಡು ವರ್ಷ ಮಾತ್ರ ನಾನು ಅರ್ಧ ದಿನದ ಅನುವಾದದ ಕೆಲಸ ಮಾಡಿದ್ದೆ. ಅದಕ್ಕಾಗಿ ಸ್ವಿಸ್ ವಿದೇಶಾಂಗ ಇಲಾಖೆ ಕೊಟ್ಟ ಗುರುತಿನ ಕಾರ್ಡು ಬಿಟ್ಟುಕೊಟ್ಟು, ನಮ್ಮಂಥ ಸಂಗಾತಿಗಳಿಗೆಂದೇ ಇರುವ 'ಸಿ-ಐ' ಪರ್ಮಿಟ್ ತೆಗೆದುಕೊಂಡೆ. ಕೆಲಸ ಮುಗಿಯಿತು, ಹಳೆಯ ಕಾರ್ಡು ವಾಪಸ್ ಬಂತು. ಕಾರ್ಡಿನ ಜೊತೆ ವಿನಾಯಿತಿಯೂ ಬಂತು, ಅಂದರೆ ವಿಮೆಯಿಂದ ಹೊರಗೆ. ವಿನಾಯಿತಿ ಅನ್ನುವ ಮಾತು ಕೇಳುವುದಕ್ಕೆ ಎಷ್ಟು ಸೊಗಸು!

ಮೇಲಿನ ಮಹಡಿಯ ಗೆಳತಿಯೂ ಮನೆಯಲ್ಲೇ ಇರುವವಳು, ಗಂಡ ಬ್ಯಾಂಕಿನಲ್ಲಿ. ಆತ ಕನಿಷ್ಠ ವಂತಿಗೆಯ ಎರಡು ಪಟ್ಟು ಕಟ್ಟಿದರೆ ಸಾಕು, ಅವಳದ್ದೂ ಕಟ್ಟಿದ ಹಾಗೆಯೇ ಲೆಕ್ಕ. ನನ್ನ ಹೆಂಡತಿ ಎವಿಎಸ್‌ಗೆ ಸೇರಿದವಳೇ ಅಲ್ಲ; ಹಾಗಾಗಿ ಅವಳ ನೆರಳಲ್ಲಿ ನನಗೂ ಜಾಗವಿಲ್ಲ. ಪೂರ್ತಿ ಪಿಂಚಣಿಗೆ 44 ವರ್ಷ ಬೇಕು, ತಪ್ಪಿದ ಒಂದೊಂದು ವರ್ಷಕ್ಕೂ 44ರಲ್ಲಿ ಒಂದು ಪಾಲು ಹೋಯಿತು. ನನ್ನದು ಎಷ್ಟೆಂದು ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ಬೇಕಾಗಲಿಲ್ಲ. ತೆರಿಗೆ ಉಳಿಸುವ 'ಮೂರನೇ ಕಂಬ'ದ ಖಾತೆ, ಅಂದರೆ ನಿವೃತ್ತಿಗೆಂದು ನಾವೇ ಕೂಡಿಡುವ ಖಾಸಗಿ ಉಳಿತಾಯ, ಕೇಳಿದರೆ, ಅದಕ್ಕೂ ಎವಿಎಸ್ ಕಟ್ಟುವ ದುಡಿಮೆ ಬೇಕಂತೆ.

ಆ ರಾತ್ರಿ ಅವಳ ಪಿಂಚಣಿ ನಿಧಿಯ ನಿಯಮಾವಳಿ ತೆಗೆದು ಕೂತೆವು. 1949ರಿಂದ ಇರುವ ನಿಧಿ. ಅವಳು ಕಟ್ಟುವುದು ಶೇ. 7.9, ಸಂಸ್ಥೆ ಅದರ ಎರಡು ಪಟ್ಟು. ಅವಳು ತೀರಿಕೊಂಡರೆ ಸಾಮಾನ್ಯವಾಗಿ ಅವಳ ಪಿಂಚಣಿಯ ಅರ್ಧ ನನಗೆ.

"ಬದುಕಿದ್ದು ನಿನ್ನ ಬಿಟ್ಟರೆ?" ಅಂದಳು, ಕನ್ನಡಕ ಹಣೆಗೇರಿಸಿ.

ಅದಕ್ಕೂ ಒಂದು ಕಲಮು ಇತ್ತು. ವಿಚ್ಛೇದಿತರಿಗೂ ಆ ಅರ್ಧದ ದಾರಿ ಇದೆ, ಆದರೆ ಅವಳು ನಿಧಿಗೆ ಕಟ್ಟುತ್ತಿದ್ದಾಗ ಮದುವೆ ಕನಿಷ್ಠ ಸತತ ಹತ್ತು ವರ್ಷ ಉಳಿದಿರಬೇಕು, ಇನ್ನೂ ಕೆಲವು ಷರತ್ತು. ಅದೂ ಅವಳು ಸತ್ತ ಮೇಲೆ. ಬದುಕಿರುವಾಗ ಕೋರ್ಟು ಎಷ್ಟೇ ಪಾಲು ಹೇಳಲಿ, ವಿಶ್ವಸಂಸ್ಥೆಯ ನಿಧಿ ಯಾವ ದೇಶದ ಕೋರ್ಟಿಗೂ ಬಗ್ಗಬೇಕಿಲ್ಲ. ಪಿಂಚಣಿ ಶುರುವಾದ ಮೇಲೆ ಆದೇಶ ಗೌರವಿಸಿ ಒಂದು ಭಾಗ ಕಳಿಸಬಹುದು, ಅಷ್ಟೆ. ಪರಿಚಯದ ಒಬ್ಬಾಕೆ ಒಂಬತ್ತು ವರ್ಷಕ್ಕೆ ಬೇರೆಯಾದರು. ಈ ಹತ್ತರ ಗೆರೆ ಗೊತ್ತಿದ್ದರೆ ಇನ್ನೊಂದು ವರ್ಷ ಹಲ್ಲು ಕಚ್ಚಿಕೊಂಡಿರುತ್ತಿದ್ದೆ ಅಂತ ನಗುತ್ತಾ ಹೇಳಿದ್ದರು. ಆ ನಗು ನನಗೆ ಆಗ ಅರ್ಥವಾಗಿರಲಿಲ್ಲ.

ಮದುವೆಯಾಗದೆ ಜೊತೆಗಿರುವವರ ಪಾಡು ಇನ್ನೊಂದು. 2014ರಿಂದ ವಿಶ್ವಸಂಸ್ಥೆ ಸಲಿಂಗಿ ದಂಪತಿಗಳನ್ನೂ ಒಪ್ಪುತ್ತದೆ, ಮದುವೆ ನಡೆದ ಜಾಗದ ಕಾನೂನು ಒಪ್ಪಿದ್ದರೆ ಸಾಕು. ಆದರೆ ಕಾಗದವೇ ಇಲ್ಲದವರಿಗೆ?

ಮರುದಿನ ಬೆಳಿಗ್ಗೆ ಅವಳೇ ಲ್ಯಾಪ್‌ಟಾಪ್ ತೆರೆದಳು. ಪ್ರತಿ ತಿಂಗಳು ನನ್ನ ಹೆಸರಿನ ಉಳಿತಾಯ ಖಾತೆಗೆ ಹಣ ಹೋಗುವ ಹಾಗೆ ಬ್ಯಾಂಕಿಗೆ ಸೂಚನೆ. ಮೊತ್ತದ ಚೌಕದಲ್ಲಿ ಬೆರಳು ನಿಂತಿತು.

"ಎಷ್ಟು ಹಾಕಲಿ? ಆರಾ?"

"ಏಳು ಪಾಯಿಂಟ್ ಒಂಬತ್ತು" ಅಂದೆ.